ಕೆಳಗಿನ ಚಿತ್ರವನ್ನು ನೋಡಿ ಉತ್ತರಿಸಿ

ಮಾತು ಆಡಿದರೆ ಹೋಯಿತು, ಮುದ್ರಿಸಿದರೆ ಮುಗಿದೇ ಹೋಯಿತು. ಗಾದೆ ಸುಳ್ಳಾದರೂ ನಾನು ಹೇಳುವ ಈ ಕತೆ ಸುಳ್ಳಲ್ಲ.

ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಮುದ್ರಣಾಲಯದಲ್ಲಿ ನಾನು ಮತ್ತು ನನ್ನ ಅಕ್ಕನ ಗಂಡ ಕರಡು ತಿದ್ದುವವರು. ಒಳಗೆ ಹೋದವರು ಕಟ್ಟುಗಳು ಲಾರಿ ಹತ್ತುವ ತನಕ ಹೊರಗೆ ಬರುವಂತಿಲ್ಲ. ಫೋನನ್ನು ಬಾಗಿಲಲ್ಲೇ ಕಸಿದುಕೊಳ್ಳುತ್ತಾರೆ. ಕಿಟಕಿಯ ಗಾಜಿಗೆಲ್ಲ ಬಿಳಿ ಬಣ್ಣ. ಬೆಳಗಾಯಿತೆಂದು ಟೀ ಬಂದರಷ್ಟೇ ಗೊತ್ತು. ಅಂಥಲ್ಲಿ ಅದು ನಮ್ಮ ಹನ್ನೆರಡನೆಯ ದಿನ. ಮನೆಯಲ್ಲಿ ಅಕ್ಕನಿಗೆ ದಿನ ತುಂಬಿತ್ತು, ಚೊಚ್ಚಲು. ಕಟ್ಟುಗಳು ಸಿದ್ಧವಾಗಿದ್ದವು, ಮರುದಿನ ಬೆಳಿಗ್ಗೆ ಬಿಡುಗಡೆ. ಭಾವ ತಮ್ಮ ಎರಡೇ ಅಂಗಿಗಳನ್ನು ಚೀಲಕ್ಕೆ ತುಂಬಿ, ತೆಗೆದು, ಮತ್ತೆ ಮಡಚಿ ತುಂಬಿದ್ದರು.

ನಮ್ಮ ಕೆಲಸ ಹೀಗೆ: ನಾನು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತೇನೆ, ಅಲ್ಪವಿರಾಮವನ್ನೂ ಬಿಡದೆ. ಭಾವ ಅಚ್ಚಿನ ಹಾಳೆಯ ಮೇಲೆ ಬೆರಳಾಡಿಸುತ್ತ ನನ್ನ ಹಿಂದೆಯೇ ಬರುತ್ತಾರೆ. ಬೇಸರ ಕಳೆಯಲು ನಾನು ಗಣಿತವನ್ನು ಬಸ್ ಕಂಡಕ್ಟರನ ದನಿಯಲ್ಲೂ ವಿಜ್ಞಾನವನ್ನು ಶೀತ ಹಿಡಿದ ಹೆಡ್‌ಮೇಷ್ಟ್ರ ದನಿಯಲ್ಲೂ ಓದುತ್ತಿದ್ದೆ.

ಆ ಮಧ್ಯಾಹ್ನ ಕೈಯಲ್ಲಿ ಕೆಲಸವಿಲ್ಲದೆ ಬಾಯಿ ತುರಿಸಿತು. ಪಕ್ಕದ ಕೋಣೆಗೆ ಹೋಗಿ ಇಂಟರ್‌ಕಾಮ್ ಎತ್ತಿ, ಮೂಗಿನಿಂದಲೇ ಮಾತಾಡುವ ನಮ್ಮ ಮೇಲ್ವಿಚಾರಕರಾದೆ.

"ಏನ್ರೀ ನೋಡಿದ್ರಿ ನೀವು? ವಿಜ್ಞಾನದ ಹದಿನಾಲ್ಕನೇ ಪ್ರಶ್ನೇಲಿ ತಪ್ಪಿದೆ. ನಾಳೆ ಯಾರೂ ಮನೆಗೆ ಹೋಗೋ ಹಾಗಿಲ್ಲ."

ನಗುತ್ತ ಹಿಂದಿರುಗಿದರೆ ಭಾವ ಹಾಳೆಯ ಮೇಲೆ ಬಗ್ಗಿದ್ದರು. ಬೆರಳು ಹದಿನಾಲ್ಕರ ಮೇಲೇ ನಿಂತಿತ್ತು.

"ಭಾವ, ಅದು ನಾನೇ. ಬಾಯಿಗೆ ಬಂದ ನಂಬರು ಹೇಳ್ದೆ, ಸುಮ್ನೆ ತಮಾಷೆಗೆ."

ಅವರು ತಲೆಯೆತ್ತಲಿಲ್ಲ. "ಇದನ್ನ ಓದು."

"ಕೆಳಗಿನ ಚಿತ್ರವನ್ನು ನೋಡಿ ಉತ್ತರಿಸಿ."

"ಚಿತ್ರ ಎಲ್ಲಪ್ಪಾ?"

ಕಾಗುಣಿತ ಸರಿ, ಚಿಹ್ನೆ ಸರಿ, ಚಿತ್ರವೇ ಇಲ್ಲ. ಹದಿನಾಲ್ಕರ ಕೆಳಗೆ ನೆಟ್ಟಗೆ ಹದಿನೈದು ಕೂತಿತ್ತು. ಮೂಲಪ್ರತಿಯಲ್ಲಿ ಹೃದಯದ ಚಿತ್ರ ಅಂಟಿಸಿದ್ದರು. 'ಇಲ್ಲಿ ಚಿತ್ರ' ಎಂದು ಓದಬೇಕಾದವನು ನಾನು. ಹೆಡ್‌ಮೇಷ್ಟ್ರ ಸೀನು ಸೀನುವ ಭರದಲ್ಲಿ ಅದನ್ನು ನುಂಗಿಬಿಟ್ಟಿದ್ದೆ.

"ಭಾವ, ಯಾರಿಗೂ ಗೊತ್ತಾಗಿಲ್ಲ. ಬಾಯಿ ಮುಚ್ಕೊಂಡಿದ್ರೆ ಬೆಳಿಗ್ಗೆ ಅಕ್ಕನ ಹತ್ರ ಇರ್ತೀರಿ."

ಭಾವ ಬೀಗ ಹಾಕಿದ ಬಾಗಿಲನ್ನು ತುಂಬ ಹೊತ್ತು ನೋಡಿದರು.

"ಅಷ್ಟು ಮಕ್ಕಳು ಹಾಳೆ ತಿರುಗಿಸಿ ತಿರುಗಿಸಿ ಹುಡುಕ್ತಾವಲ್ಲೋ," ಎಂದು ಇಂಟರ್‌ಕಾಮ್ ಎತ್ತಿಕೊಂಡರು.

ಅಸಲಿ ಮೇಲ್ವಿಚಾರಕರು ಬಂದು, ನಾನು ಅನುಕರಿಸಲಾರದಷ್ಟು ಕೂಗಾಡಿದರು. ತಪ್ಪು ನನ್ನದೆಂದು ಒಪ್ಪಿಕೊಂಡೆ. ಆ ಪುಟ ಮತ್ತೆ ಅಚ್ಚಾಗಬೇಕು, ಕಟ್ಟು ಬಿಚ್ಚಿ ಕಟ್ಟಬೇಕು. ಇನ್ನೂ ಐದು ದಿನ. ಭಾವ ಕೇಳಿದ್ದು ಒಂದೇ: ಮನೆಗೆ ಒಂದು ಫೋನು. ಮೇಲ್ವಿಚಾರಕರು ತಮ್ಮ ಫೋನು ತೆಗೆದು, ನಿಯಮದಂತೆ ಸ್ಪೀಕರ್ ಹಾಕಿ, ಒಂದೇ ನಿಮಿಷ ಎಂದರು.

"ನಾನು ಕಣೇ," ಎಂದರು ಭಾವ. "ನಾಳೆ ಬರೋಕಾಗಲ್ಲ, ಇನ್ನೈದು ದಿನ ಆಗುತ್ತೆ. ಬೇಜಾರು ಮಾಡ್ಕೋಬೇಡ. ನಾನು ಪಕ್ಕದಲ್ಲೇ ಇದ್ದೀನಿ ಅಂದ್ಕೊಂಡು ಧೈರ್ಯವಾಗಿರು, ಚಿನ್ನ."

ಆ ಕಡೆಯಿಂದ ಅಕ್ಕ ಗದರಿದಳು.

"ಲೋ ತಮ್ಮಾ, ದನಿಯೇನೋ ಥೇಟ್ ನಿಮ್ಮ ಭಾವಂದೇ. ಆದ್ರೆ ಮದ್ವೆಯಾಗಿ ನಾಲ್ಕು ವರ್ಷ ಆಯ್ತು, ಅವರು ಒಂದಿನಾನೂ ಇಷ್ಟು ನಯವಾಗಿ ಮಾತಾಡಿಲ್ಲ. ಬಸುರಿ ಹತ್ರ ಎಂಥ ಆಟನೋ ನಿಂದು? ಅವರಿಗೆ ಹೇಳು, ನಾಳೆ ಕಾಯ್ತಿರ್ತೀನಿ ಅಂತ."

ಫೋನು ಕಟ್ಟಾಯಿತು. ಮೇಲ್ವಿಚಾರಕರು ಅದನ್ನು ಜೇಬಿಗಿಳಿಸಿ ಗೋಡೆ ನೋಡಿದರು. ನಾನು ನೆಲ ನೋಡಿದೆ.

ಮೊದಲು ಬಿಕ್ಕಳಿಕೆಯಂಥ ಸದ್ದು ಬಂತು. ಅಳುತ್ತಿದ್ದಾರೆಂದುಕೊಂಡೆ. ತಲೆಯೆತ್ತಿದರೆ ಭಾವ ಹೊಟ್ಟೆ ಹಿಡಿದುಕೊಂಡು, ಮೇಜು ಗುದ್ದುತ್ತ, ಉಸಿರಿಗೆ ತಡಕಾಡುತ್ತ ನಗುತ್ತಿದ್ದರು. ಮೇಲ್ವಿಚಾರಕರ ಮೂಗೂ ತಡೆಯದೆ ಕುಂಯ್‌ಗುಟ್ಟಿತು, ನಾನೂ ಶುರುಮಾಡಿದೆ. ಆದರೆ ಯಂತ್ರದ ಸದ್ದನ್ನೂ ಮೀರಿ ಆ ಕಟ್ಟಡಕ್ಕೆಲ್ಲ ಕೇಳಿಸಿದ್ದು ಭಾವನ ನಗುವೇ.