ನಾಲಿಗೆಯ ಕೆಳಗಿನ ಗಂಟು

ಹೆತ್ತೂರಿನ ಎಸ್ಟೇಟಿನಲ್ಲಿ ರಾಮಮ್ಮ ಬಾಯಿ ತೆರೆದರೆ ಬಿಸಲೆ ಕಾಡಿನ ಆನೆಗಳೂ ಕಿವಿ ಮುಚ್ಚಿಕೊಳ್ಳುತ್ತಿದ್ದವು. ಅಂಥವಳ ನಾಲಿಗೆಯ ಕೆಳಗೆ ಗಂಟೊಂದು ಎದ್ದು ಅವಳನ್ನು ಮೂಕಿ ಮಾಡಿಬಿಟ್ಟಿತ್ತು. ಬೆಳಗೆಲ್ಲ ತಣ್ಣಗಿದ್ದದ್ದು, ಕಾಫಿಹಣ್ಣು ಕೀಳುವ ಹೆಂಗಸರು ಮಧ್ಯಾಹ್ನ ಬುತ್ತಿ ಬಿಚ್ಚಿದೊಡನೆ ಊದುತ್ತಿತ್ತು. ಅದರಲ್ಲೂ ಗೆಳತಿ ಶೀಲಾ ಎದುರಿಗೆ ಕೂತು ಹೇರಳೆಕಾಯಿ ಉಪ್ಪಿನಕಾಯಿ ತೆರೆದಳೋ, ಮುಗಿಯಿತು.

ಶೀಲಾಳ ಕಣ್ಣೇ ತಾಗಿದೆ ಎಂದುಕೊಂಡ ರಾಮಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಂದರೆ ದೃಷ್ಟಿಯಿಲ್ಲವೆಂದು ಲೆಕ್ಕ. ಘಾಟಿಗೆ ಕೂಲಿಯವರ ಲೈನ್ ಮನೆಗಳೆಲ್ಲ ಕೆಮ್ಮಿದರೂ ಅವಳು ಒಪ್ಪಲಿಲ್ಲ. ಗಿಡದ ಮರೆಗೆ ಹೋಗಿ ಒಬ್ಬಳೇ ಉಂಡಳು. ಅಲ್ಲೂ ಗಂಟು ಊದಿತು. ಹೊಗೆಸೊಪ್ಪು ಜಗಿದ ಬಾಯಿ. ದೃಷ್ಟಿಯಲ್ಲದಿದ್ದರೆ ಕ್ಯಾನ್ಸರೇ ಇರಬೇಕು.

ಗಿಡದ ಹಿಂದೆ ಅಳುತ್ತಿದ್ದವಳನ್ನು ಶೀಲಾ ಎಬ್ಬಿಸಿದಳು. “ಸಾಯೋದಾದ್ರೆ ಡಾಕ್ಟ್ರಿಗೆ ತೋರ್ಸಿ ಸಾಯಿ ಕಣೆ. ನನ್ ಕಣ್ಣಿಗ್ಯಾಕೆ ಕೆಟ್ಟೆಸ್ರು?”

ಮರುದಿನ ಸಕಲೇಶಪುರದ ಹಲ್ಲಿನ ಡಾಕ್ಟರ್ ದೀಪಶ್ರೀ, “ಯಾವಾಗ ಊದುತ್ತೆ?” ಎಂದು ಕೇಳಿದರು.

“ಇವ್ಳು ಉಪ್ಪಿನ್ಕಾಯಿ ಡಬ್ಬಿ ತೆಗ್ದಾಗ.”

“ಡಬ್ಬಿ ತಂದಿದ್ದೀರಾ?”

ಶೀಲಾ ಬುತ್ತಿಯಿಂದ ಡಬ್ಬಿ ತೆಗೆದು ಮುಚ್ಚಳ ತೆರೆದಳು. ರಾಮಮ್ಮನ ಬಾಯಲ್ಲಿ ಹೇಮಾವತಿ ಹೊಳೆಯೇ ಉಕ್ಕಿತು. ಗಂಟೂ ಎದ್ದು ನಿಂತಿತು. ಡಾಕ್ಟರು ಒಂದು ಬೆರಳನ್ನು ಬಾಯೊಳಗೆ, ಇನ್ನೊಂದನ್ನು ದವಡೆಯ ಕೆಳಗೆ ಇಟ್ಟು ಒತ್ತಿ ನೋಡಿ ನಕ್ಕರು.

“ಕ್ಯಾನ್ಸರ್ ಅಲ್ಲಮ್ಮ. ಜೊಲ್ಲು ಬರೋ ದಾರೀಲಿ ಕಲ್ಲು ಕೂತಿದೆ. ಹುಳಿ ಕಂಡ್ರೆ ಜೊಲ್ಲು ನುಗ್ಗುತ್ತೆ, ದಾರಿ ಸಿಗದೆ ಊದುತ್ತೆ.”

“ನನ್ ಕಣ್ಣಲ್ಲ ತಾನೆ?” ಎಂದಳು ಶೀಲಾ.

“ಅಲ್ಲ. ಆದ್ರೆ ಹೊಗೆಸೊಪ್ಪು ಇವತ್ತೇ ಬಿಡ್ಬೇಕು. ಇನ್ನು ಬಾಯಲ್ಲಿ ಗಂಟು ಕಂಡ್ರೆ ಒಲೆ ಹತ್ರ ಅಲ್ಲ, ನನ್ ಹತ್ರ ಬನ್ನಿ.”

ಸೂಜಿ ಚುಚ್ಚಿ ಮರಗಟ್ಟಿಸಿ ಒತ್ತಿದರೆ, ಅಕ್ಕಿಕಾಳಿನಂಥ ಕಲ್ಲೊಂದು ಹೊರಬಿತ್ತು.

ವಾಪಸು ಬಸ್ಸಿನಲ್ಲಿ ರಾಮಮ್ಮ ಮರಗಟ್ಟಿದ ನಾಲಿಗೆಯಲ್ಲೇ ಸುದ್ದಿ ಶುರುಮಾಡಿದಳು. ಊರು ದಾಟುವಷ್ಟರಲ್ಲಿ ಕಲ್ಲು ಅವರೆಕಾಳಾಗಿತ್ತು, ಆಮೇಲೆ ನಿಂಬೆಹಣ್ಣು, ಆಮೇಲೆ ತೆಂಗಿನಕಾಯಿ.

“ಸುಮ್ಕಿರೆ ಮಾರಾಯ್ತಿ,” ಎಂದಳು ಶೀಲಾ. “ಇನ್ನೊಂದ್ ತಿರುವು ದಾಟಿದ್ರೆ ಜೇನುಕಲ್ಲು ಗುಡ್ಡಾನೇ ನಿನ್ ಬಾಯಿಂದ ಬಿತ್ತು ಅಂತೀಯ.”

ರಾಮಮ್ಮ ಕಿಟಕಿಯಾಚೆ ಗುಡ್ಡದ ಸಾಲನ್ನು ಒಮ್ಮೆ ಅಳೆದು ನೋಡಿ, ಡ್ರೈವರನಿಗೆ, “ಸ್ವಲ್ಪ ನಿಧಾನ ಹೋಗಪ್ಪ, ನಾನಿನ್ನೂ ತೆಂಗಿನ್ಕಾಯೀಲೇ ಇದೀನಿ,” ಎಂದಳು.