ಒತ್ತು ಹಲಗೆ

ಪುಸ್ತಕ ಕಟ್ಟುವವರ ಮನೆ ಅದು. ಮುಂದಿನ ಕೋಣೆಯೇ ಅಂಗಡಿ. ಗಂಡ ರಟ್ಟು ಕತ್ತರಿಸಿ ಅಂಟು ಬಳಿಯುತ್ತಿದ್ದರೆ, ಬಾಗಿಲ ಬೆಳಕಿನಲ್ಲಿ ಕೂತು ಹೆಂಡತಿ ಹಾಳೆಗಳನ್ನು ದಬ್ಬಣದಿಂದ ಹೊಲಿಯುತ್ತಿದ್ದಳು. ಪುಸ್ತಕ ಹರಿದರೂ ಇವಳ ಹೊಲಿಗೆ ಬಿಚ್ಚುವುದಿಲ್ಲ ಎಂದು ಗಿರಾಕಿಗಳು ಹೊಗಳುತ್ತಿದ್ದರು. ಅಂಥ ಕೈ ಒಂದು ವರ್ಷದಿಂದ ದಾರ ಎಳೆಯಲು ಅಂಜುತ್ತಿತ್ತು. ಏಳುವಾಗಲೇ ಹೆಗಲು, ಸೊಂಟ, ಮಂಡಿಗಳನ್ನೆಲ್ಲ ಯಾರೋ ಒನಕೆಯಲ್ಲಿ ಕುಟ್ಟಿಹೋದಂತಿರುತ್ತಿತ್ತು. ಎಷ್ಟು ಮಲಗಿದರೂ ನಿದ್ದೆ ಮಾಡಿದಂತಿರಲಿಲ್ಲ. ಪುಟ್ಟ ಮಗಳು ಓಡಿಬಂದು ತಬ್ಬಿಕೊಂಡರೆ ತಾಯಿಯ ಕಣ್ಣಲ್ಲಿ ನೀರು ಬರುತ್ತಿತ್ತು, ಅದು ಪ್ರೀತಿಯ ನೀರಾಗಿರಲಿಲ್ಲ.

ಹೇಳೋಣವೆಂದರೆ ಆ ಮನೆಯಲ್ಲಿ ನೋವು ಎಂಬ ಮಾತನ್ನೇ ಆಡುವಂತಿರಲಿಲ್ಲ. ತಲೆ ಸಿಡಿದು ಹೋಳಾದರೂ ‘ಅದು ಬಂದಿದೆ’ ಎನ್ನಬೇಕು.

“ಹೆಸರು ಹಿಡಿದು ಕರೆದರೆ ಅದು ಮನೆಯವಳೇ ಆಗಿಬಿಡುತ್ತೆ ಕಣೇ,” ಎನ್ನುತ್ತಿದ್ದರು ಅತ್ತೆ. “ಹೆಸರಿಲ್ಲದ್ದು ಬಂದ ದಾರೀಲೇ ಹೋಗುತ್ತೆ.”

ಹೋಗದಿದ್ದರೆ ಕಳಿಸುವುದಕ್ಕೊಂದು ಉಪಾಯವಿತ್ತು. ಅಂಟು ಹಸಿಯಿರುವ ಪುಸ್ತಕವನ್ನು ಹಲಗೆಗಳ ನಡುವೆ ಇಟ್ಟು ಮೇಲೆ ಕಬ್ಬಿಣದ ಗಟ್ಟಿ ಹೇರುವುದು ಆ ಕಸುಬಿನ ಕ್ರಮ. ಒತ್ತದಿದ್ದರೆ ರಟ್ಟು ಸೊಟ್ಟಗಾಗುತ್ತದೆ. ಯಾವ ಕಾಲದಲ್ಲೋ ಯಾವ ಪುಣ್ಯಾತ್ಮನಿಗೋ, ಹೆಂಗಸರನ್ನೂ ಹಾಗೇ ಒತ್ತಿದರೆ ನೆಟ್ಟಗಾಗುತ್ತಾರೆ ಎಂದು ಹೊಳೆಯಿತಂತೆ. ಹಿಂದಿನ ಕೋಣೆಯಲ್ಲಿ ಆಳುದ್ದದ ಎರಡು ಹಲಗೆಗಳಿದ್ದವು. ಒಂದು ನೆಲದ ಮೇಲೆ, ಇನ್ನೊಂದು ಗೋಡೆಗೆ ಒರಗಿ. ಆ ಕೋಣೆಗೆ ಸದಾ ಬೀಗ, ಬೀಗದ ಕೈ ಅತ್ತೆಯ ಸೊಂಟದಲ್ಲಿ.

ಸೊಸೆಯನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದದ್ದೂ ಆಯಿತು. ರಕ್ತ ಸರಿಯಿದೆ, ಮೂಳೆ ಸರಿಯಿದೆ ಎಂದು ಕಳಿಸಿದರು.

“ಕೇಳಿದೆಯಾ ನಾಜೂಕಮ್ಮ? ಓದಿದವರೇ ಏನೂ ಇಲ್ಲ ಅಂದ್ರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದರು ಅತ್ತೆ. “ಇನ್ನು ಹಲಗೆಯೇ ಗತಿ.”

ಅಂದು ಮಧ್ಯಾಹ್ನ ಅವಳು ಮೊದಲ ಸಲ ಆ ಹಲಗೆಯ ಮೇಲೆ ಬೋರಲು ಮಲಗಿದಳು. ಬೆನ್ನ ಮೇಲೆ ಇನ್ನೊಂದು ಹಲಗೆ ಬಂತು. ಅಡಕತ್ತರಿಯಲ್ಲಿ ಸಿಕ್ಕಿದಂತಿದ್ದ ಗಂಡ ಮುಖ ಆಚೆ ತಿರುಗಿಸಿಕೊಂಡು ಗಟ್ಟಿಗಳನ್ನು ಒಂದೊಂದಾಗಿ ಇಟ್ಟ. ಅರ್ಧ ಉಸಿರು ಒಳಗೆ, ಅರ್ಧ ಹೊರಗೆ.

“ಹೋಯಿತೇನೇ?” ಅತ್ತೆ ಕೇಳಿದರು.

“ಇಲ್ಲ.”

“ಇನ್ನೊಂದು ಇಡಪ್ಪಾ.”

ಇಟ್ಟ. ಮತ್ತೆ ಅದೇ ಪ್ರಶ್ನೆ. ಈ ಸಲ ಅವಳು “ಹೋಯಿತು” ಎಂದಳು. ಗಟ್ಟಿಗಳು ಇಳಿದವು. ಆ ಹಲಗೆ ಎಂದೂ ಸೋಲದೆ ಇದ್ದದ್ದು ಹೀಗೆ. ನಿಮ್ಮ ಮನೆಯಲ್ಲಿ ಇಂಥ ಹಲಗೆ ಇಲ್ಲದಿರಬಹುದು. ಆದರೆ ‘ನಿನಗೇನೂ ಆಗಿಲ್ಲ, ಎದ್ದು ಕೆಲಸ ನೋಡು’ ಎಂಬ ಮಾತು ಎಷ್ಟು ಭಾರವೆಂದು ಎಂದಾದರೂ ತೂಗಿ ನೋಡಿದ್ದೀರಾ?

ನೋವು ದುಪ್ಪಟ್ಟಾಯಿತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು ಬೇರೆ. ಮಧ್ಯಾಹ್ನ ಅಂಗಡಿಯಲ್ಲಿ ಹೊಲಿಯುತ್ತ ಕೂತರೆ, ಸದಾ ಮುಚ್ಚಿರುತ್ತಿದ್ದ ಆ ಕೋಣೆಯ ಕಡೆಯಿಂದ ಮರವನ್ನು ಎಳೆದಂತೆ ದರದರ ಸದ್ದು ಬರುತ್ತಿತ್ತು. ಆಮೇಲೆ ಯಾರೋ ಬಾಯಿ ಮುಚ್ಚಿಕೊಂಡು ಉಸಿರು ಬಿಟ್ಟಂತೆ.

ಒಂದು ದಿನ ತಡೆಯಲಾರದೆ ಕೇಳಿದಳು. ಅತ್ತೆ ಹಾಸಿಗೆ ಮಡಿಸುತ್ತಲೇ ಹೇಳಿದರು: “ನಮ್ಮ ಅತ್ತೆ ಇರಬೇಕು. ಅವರು ಹಲಗೆ ಕೆಳಗೇ ಹೋದದ್ದು. ಆಮೇಲೆ ಒಂದು ದಿನವೂ ಅದು ಬಂತು ಅಂದವರಲ್ಲ.”

ಸತ್ತವರು ಹೇಗೆ ಅಂದಾರು ಎಂದು ಸೊಸೆಯ ನಾಲಗೆಯ ತುದಿಗೆ ಬಂತು. ನುಂಗಿಕೊಂಡಳು.

ಮುಂದಿನ ಸಲ ಮಲಗಿದಾಗ ಕೆಳಹಲಗೆಯ ಅಂಚು ಅವಳ ತುಟಿಗೆ ತಾಗಿತು. ಮರದಲ್ಲಿ ಸಾಲಾಗಿ ಸಣ್ಣ ಸಣ್ಣ ತಗ್ಗುಗಳು. ಕಣ್ಣು ಕೀಲಿಸಿ ನೋಡಿದಳು. ಹಲ್ಲಿನ ಗುರುತುಗಳು. ಕೆಲವು ಸವೆದು ಕಪ್ಪಾಗಿದ್ದವು. ಕೆಲವು ತೀರ ಪುಟ್ಟ ಬಾಯಿಯವು, ಮದುವೆಯಾಗಿ ಬಂದ ಯಾವ ಎಳೆಹುಡುಗಿಯದೋ. ಒಂದು ಸಾಲು ಮಾತ್ರ ಹೊಸತು. ಮರದ ಬಿಳಿ ಒಳಮೈ ಕಾಣುತ್ತಿತ್ತು, ನಡುವೆ ಒಂದು ಹಲ್ಲಿನ ಜಾಗ ಖಾಲಿ. ಸತ್ತವರು ಮರ ಕಚ್ಚುತ್ತಾರೆಯೇ?

ಆ ವಾರವೇ ಪಕ್ಕದ ಬೀದಿಯ ಡಾಕ್ಟರಮ್ಮ ಹಳೆಯ ಪುಸ್ತಕಗಳನ್ನು ಕಟ್ಟಿಸಲು ಬಂದರು. ದಬ್ಬಣ ಎಳೆಯುವಾಗ ಇವಳ ಮುಖ ಕಿವುಚಿದ್ದನ್ನು ಕಂಡು ದವಾಖಾನೆಗೆ ಕರೆದರು. ಮೈಯೆಲ್ಲ ಮೆಲ್ಲಗೆ ಮುಟ್ಟಿ ನೋಡಿದರು, ನಿದ್ದೆ ಕೇಳಿದರು, ಹಳೆಯ ಪರೀಕ್ಷೆಯ ಚೀಟಿಗಳನ್ನೆಲ್ಲ ನೋಡಿದರು. ಹಲಗೆಯ ವಿಷಯವನ್ನೂ ಅವಳು ಬಾಯಿಬಿಟ್ಟಳು. ಕೊನೆಗೆ, “ಇದಕ್ಕೆ ಫೈಬ್ರೊಮಯಾಲ್ಜಿಯ ಅಂತಾರೆ,” ಎಂದರು.

“ಹಾಗಾದರೆ ನನ್ನ ಸುಳ್ಳಲ್ಲವಾ?”

“ಬಾಗಿಲ ಗಂಟೆ ಕೆಟ್ಟಿದೆ ಅಂದುಕೊಳ್ಳಿ. ಹೊರಗೆ ಯಾರೂ ಇಲ್ಲದಿದ್ದರೂ ಹೊಡ್ಕೋತಾನೇ ಇರುತ್ತೆ. ಸದ್ದು ಸುಳ್ಳಾ? ನಿಮ್ಮ ನರಗಳದ್ದೂ ಅದೇ ಕಥೆ.”

“ಮಾತ್ರೆ ತಗೊಂಡ್ರೆ ಹೋಗುತ್ತಾ?”

“ಒಂದೇ ಮಾತ್ರೆಗೆ ಹೋಗೋದಲ್ಲ, ಸುಳ್ಳು ಯಾಕೆ ಹೇಳಲಿ? ದಿನಾ ಸ್ವಲ್ಪ ನಡೀರಿ, ಸುಸ್ತಾಗೋ ಮೊದಲೇ ನಿಲ್ಲಿಸಿ, ಮೆಲ್ಲಗೆ ಹೆಚ್ಚಿಸೋಣ. ಬಿಸಿನೀರು ಹಿತವಾಗುತ್ತೆ. ನಿದ್ದೆ ಸರಿಮಾಡಬೇಕು. ಆ ಗಂಟೆ ತಗ್ಗಿಸೋ ಮಾತ್ರೆಗಳೂ ಇವೆ, ಕೆಲವರಿಗೆ ಒಗ್ಗುತ್ತೆ, ಕೆಲವರಿಗಿಲ್ಲ, ಕೊಟ್ಟು ನೋಡೋಣ. ಕೂತು ಮಾತಾಡಿಸಿ ದಾರಿ ತೋರಿಸೋ ಚಿಕಿತ್ಸೆಯೂ ಉಂಟು. ಹಿಡಿತಕ್ಕೆ ಬರುತ್ತೆ. ಆದರೆ ಬೆನ್ನ ಮೇಲೆ ಭಾರ ಹೇರೋದು ಚಿಕಿತ್ಸೆ ಅಲ್ಲಮ್ಮ, ಉಸಿರು ನಿಂತೀತು.”

ಅವಳು ಅತ್ತಳು. ಹಗುರಾಗಿ ಮನೆಗೆ ಬಂದು ಎಲ್ಲವನ್ನೂ ಹೇಳಿದಳು. ಅತ್ತೆ ಮುಖ ಬಿಳಿಚಿಕೊಂಡು ಕಿಟಕಿ ಮುಚ್ಚಿದರು.

“ಹೆಸರು ತಂದೆಯಾ ಮನೆಗೆ? ಅವಳ್ಯಾವಳೋ ನಾಲ್ಕು ಅಕ್ಷರ ಕಲಿತಳು ಅಂತ ತಲೆತಲಾಂತರದ್ದು ಬಿಡೋಕಾಗುತ್ತಾ? ನಾಳೆ ಎರಡು ಗಟ್ಟಿ ಹೆಚ್ಚಿಗೆ.”

ಗಂಡ ಅಂಟಿನ ಡಬ್ಬಿ ಎತ್ತಿಕೊಂಡು ಅಂಗಡಿಗೆ ಹೋದ.

ಮರುದಿನ ಮಗಳು ಅಂಗಡಿಯ ಮೂಲೆಯಲ್ಲಿ ಆಡುತ್ತಿದ್ದಳು. ಬಟ್ಟೆಯ ಗೊಂಬೆಯನ್ನು ಬೋರಲು ಹಾಕಿ, ಮೇಲೆ ರಟ್ಟಿನ ತುಂಡಿಟ್ಟು, ಅದರ ಮೇಲೆ ಅಂಟಿನ ಡಬ್ಬಿ ಇಡುತ್ತಿತ್ತು ಮಗು.

“ಏನು ಮಾಡ್ತಿದ್ದೀಯೇ?”

“ಹೋಯಿತು ಅನ್ನಲ್ಲ ಕಣಮ್ಮಾ ಇವಳು,” ಎಂದು ಇನ್ನೊಂದು ಡಬ್ಬಿಗೆ ಕೈ ಹಾಕಿತು.

ತಾಯಿ ಗೊಂಬೆಯ ಮೇಲಿನ ಡಬ್ಬಿಯನ್ನು ಎತ್ತಿಟ್ಟಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಹಲಗೆಗೆ ಮಾತ್ರ ಎಲ್ಲ ಕಾಲವೂ ತನ್ನದೇ.

ಮಧ್ಯಾಹ್ನ ಕೋಣೆಯ ಬೀಗ ತೆಗೆದರು. ಸೊಸೆ ಹಲಗೆಯ ಮೇಲೆ ಕೂತಳು, ಮಲಗಲಿಲ್ಲ.

“ಇವತ್ತಿಂದ ನಾನು ಮಲಗಲ್ಲ. ನನ್ನ ಮಗಳೂ ಮಲಗಲ್ಲ,” ಎಂದು ಕಡ್ಡಿ ಮುರಿದಂತೆ ಹೇಳಿದಳು. “ಅತ್ತೆ, ಇಲ್ಲಿ ನೋಡಿ. ಈ ಹಲ್ಲಿನ ಗುರುತು ಹೊಸದು, ನಡುವೆ ಒಂದು ಹಲ್ಲಿಲ್ಲ. ನನ್ನ ಮುಂದಿನ ಹಲ್ಲು ಎಲ್ಲಾ ಇವೆ.”

ಅತ್ತೆ ತಟ್ಟನೆ ತುಟಿ ಮುಚ್ಚಿದರು. ಅವರ ಮುಂದಿನ ಹಲ್ಲೊಂದು ಎಂದೋ ಬಿದ್ದುಹೋಗಿತ್ತು. ಮಗನ ಕೈಯ ಗಟ್ಟಿ ಅರ್ಧಕ್ಕೇ ನಿಂತಿತು.

“ಅಮ್ಮಾ?”

ಅತ್ತೆ ಗೋಡೆ ಹಿಡಿದು ಕೆಳಗೆ ಕೂತರು.

“ನೀನು ಹುಟ್ಟಿದಾಗಿಂದ ಅದು ನನಗೂ ಇದೆ ಕಣೋ. ನೀವು ಅಂಗಡೀಲಿರುವಾಗ ನಾನೇ ಹಲಗೆ ಎಳಕೊಂಡು ಮಲಗ್ತೀನಿ, ಇವತ್ತಾದರೂ ಹೋದೀತು ಅಂತ.” ದನಿ ಸಣ್ಣಗಾಯಿತು. “ನಮ್ಮ ಅತ್ತೆ ಆವತ್ತು ಹೋಯಿತು ಅನ್ನಲೇ ಇಲ್ಲ. ಇನ್ನೊಂದು ಇಡು ಅಂದ್ರು ಮಾವನವರು. ನಾನೇ ಇಟ್ಟೆ.”

ಮಗ ಗಟ್ಟಿಯನ್ನು ನೆಲಕ್ಕಿಟ್ಟು ಅಮ್ಮನ ಪಕ್ಕದಲ್ಲಿ ಕೂತು ಅತ್ತ. ಸಂಜೆಯೊಳಗೆ ಎರಡೂ ಹಲಗೆಗಳಿಗೆ ಗರಗಸ ಹಾಕಿದ.

ಬೆಳಗ್ಗೆ ಅತ್ತೆ ಸೊಸೆ ಇಬ್ಬರೂ ದವಾಖಾನೆಗೆ ಹೊರಟರು. ಬೀದಿಯ ತಿರುವಿನಲ್ಲಿ ಅತ್ತೆ ನಿಂತು, ಯಾರಾದರೂ ಕೇಳಿಸಿಕೊಂಡಾರೇನೋ ಎಂಬಂತೆ ಹಿಂದೆ ಮುಂದೆ ನೋಡಿದರು.

“ನಿಧಾನಕ್ಕೆ ನಡಿಯೇ ತಾಯಿ,” ಎಂದರು. “ಮಂಡಿ ನೋಯ್ತಿದೆ.”

ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಸೊಸೆ ಹಿಂದಕ್ಕೆ ಬಂದು ಅವರ ತೋಳು ಹಿಡಿದಳು.

“ಡಾಕ್ಟರಮ್ಮನ ಹತ್ತಿರವೂ ಹೀಗೇ ಹೇಳಿ ಅತ್ತೆ,” ಎಂದಳು.