ನಾಲ್ಕನೇ ಮಹಡಿಯ ಚಿಲಕ

ಹೆಂಗಸರಿಗೆ ಮಾತ್ರ ಎಂದು ಗೇಟಿನ ಮೇಲೆ ಬರೆದಿದ್ದ ಆ ಕಟ್ಟಡದಲ್ಲಿ ಮನೆ ಸಿಗುವುದೆಂದರೆ ದೊಡ್ಡ ಹರಸಾಹಸ. ರೈಲು ನಿಲ್ದಾಣ ಕೂಗಳತೆ ದೂರ, ಗೇಟಿಗೆ ಎರಡು ಬೀಗ, ಪಕ್ಕದ ಕೋಣೆಯಲ್ಲಿ ಹಗಲಿರುಳೂ ಒಬ್ಬ ಮೇಲ್ವಿಚಾರಕಿ. ಬಾಡಿಗೆಯವರು ಅವಳಿಗೆ ಕೋಟೆಯಮ್ಮ ಎಂದು ಹೆಸರಿಟ್ಟಿದ್ದರು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಹುಡುಗಿ ಅವರಿವರ ಕೈಕಾಲು ಹಿಡಿದು, ಅಂತೂ ನಾಲ್ಕನೇ ಮಹಡಿಯಲ್ಲೊಂದು ಪುಟ್ಟ ಮನೆ ಗಿಟ್ಟಿಸಿಕೊಂಡಳು. ತನಗಾಗಿ ಅಲ್ಲ, ಅಮ್ಮನಿಗಾಗಿ. ಅಣ್ಣನ ಮನೆಯಲ್ಲಿ ಅಮ್ಮ ಮಲಗುವುದು ಹಜಾರದಲ್ಲಿ, ಬಟ್ಟೆ ಬದಲಾಯಿಸುವುದು ಕಪಾಟಿನ ಬಾಗಿಲು ತೆರೆದು ಅದರ ಮರೆಯಲ್ಲಿ.

ಅಮ್ಮನಿಗೆ ಮಂಡಿನೋವು. ಲಿಫ್ಟ್ ಇದೆಯಲ್ಲ ಎಂಬ ಧೈರ್ಯದಿಂದಲೇ ಮಗಳು ಈ ಮನೆಗೆ ಒಪ್ಪಿದ್ದು. ಅಮ್ಮ ಬರುವ ವಾರವೇ ಅದು ಕೆಟ್ಟು ಕೂತಿತು.

ಮೆಕ್ಯಾನಿಕ್ ಬಂದ. ಕೋಟೆಯಮ್ಮ ಅವನನ್ನು ಗೇಟಿನಲ್ಲೇ ತಡೆದಳು.

"ಗಂಡಸರು ಒಳಗೆ ಬರ್ಬೇಕಂದ್ರೆ ನಾನು ಜೊತೆಗಿರ್ಬೇಕು. ಇಲ್ಲಿನ ಕಾನೂನು."

"ಮೋಟಾರು ತಾರಸಿ ಮೇಲಿದೆ. ನಡೀರಿ ಅಮ್ಮ, ಹೋಗೋಣ."

"ಮೆಟ್ಟಿಲು ಹತ್ತೋಕೆ ನನ್ನ ಕೈಲಾಗಲ್ಲಪ್ಪ, ನಂಗೂ ಮಂಡಿನೋವು. ನೀನು ಲಿಫ್ಟ್ ಸರಿ ಮಾಡು, ಆಮೇಲೆ ಬರ್ತೀನಿ."

ಮೆಕ್ಯಾನಿಕ್ ತಲೆ ಕೆರೆದುಕೊಂಡು ವಾಪಸಾದ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು! ಅವನ ಜೊತೆ ನಾನೇ ಹೋಗ್ತೀನಿ ಎಂದು ಮಗಳು ಗೋಗರೆದಳು.

"ನೀನು ಬಾಡಿಗೆಯವಳು ಕಣಮ್ಮ. ನಾಳೆ ಹೆಚ್ಚುಕಮ್ಮಿ ಆದ್ರೆ ಕೇಳೋದು ನನ್ನನ್ನ."

ಮಾಲೀಕರಿಗೆ ಫೋನು ಮಾಡಿದರೆ, "ಅವರು ಹೇಳಿದ ಮೇಲೆ ಮುಗೀತು" ಎಂದರು. ಗೋಡೆಗೆ ಹಣೆ ಚಚ್ಚಿಕೊಳ್ಳುವುದೊಂದೇ ಬಾಕಿ.

ಅಣ್ಣ ಅಮ್ಮನನ್ನು ಕರೆತಂದ ದಿನ ಮಗಳು ಮೆಕ್ಯಾನಿಕ್‌ನನ್ನು ಮತ್ತೆ ಕರೆಸಿದ್ದಳು. ಕೋಟೆಯಮ್ಮ ಅಮ್ಮನನ್ನು ಮಾತ್ರ ಒಳಗೆ ಬಿಟ್ಟು, ಇಬ್ಬರು ಗಂಡಸರನ್ನೂ ಹೊರಗೆ ನಿಲ್ಲಿಸಿದಳು.

"ನಾನೇ ಹೊತ್ಕೊಂಡು ಹತ್ತಿಸ್ತೀನಿ, ಬಿಡಿ" ಎಂದ ಅಣ್ಣ.

"ಆಗಲ್ಲ."

ಅಣ್ಣ ತಂಗಿಯ ಕಡೆ ತಿರುಗಿದ. "ಆಗ್ಲೇ ಹೇಳ್ಲಿಲ್ವಾ? ಮುಂದಿನ ರೈಲಿಗೇ ವಾಪಸ್ ಕರ್ಕೊಂಡು ಹೋಗ್ತೀನಿ. ಹಜಾರ ಎಲ್ಲೂ ಓಡಿಹೋಗಿಲ್ಲ."

ಈಗ ಹೋದರೆ ಅಮ್ಮನನ್ನು ಅವನು ಇನ್ನೊಮ್ಮೆ ಕಳಿಸುವವನಲ್ಲ. ಅದು ಮಗಳಿಗೆ ಚೆನ್ನಾಗಿ ಗೊತ್ತಿತ್ತು. ಅಷ್ಟು ದಿನ ನುಂಗಿಕೊಂಡಿದ್ದ ಸಿಟ್ಟೆಲ್ಲ ಒಮ್ಮೆಲೇ ಹೊರಬಿತ್ತು.

"ಕಳ್ಳರು ಬರಬಾರದು ಅಂತ ಬೀಗ ಹಾಕ್ತೀರಿ, ಸರಿ. ನಮ್ಮಮ್ಮನೂ ಬರಬಾರದಾ?"

ಕೋಟೆಯಮ್ಮ ಬೆರಗಾಗಿ ಮೆಟ್ಟಿಲ ಕಡೆ ನೋಡುತ್ತಿದ್ದಳು. ಅಮ್ಮ ಮೊದಲ ಮೆಟ್ಟಿಲ ಮೇಲೆ ಹಿಂದುಮುಂದಾಗಿ ಕೂತು, ಎರಡೂ ಅಂಗೈಗಳನ್ನು ಹಿಂದಿನ ಮೆಟ್ಟಿಲಿಗೆ ಊರಿ, ಮೈಯನ್ನು ಎತ್ತಿ ಮೇಲಕ್ಕೆ ಸರಿದಳು. ಮತ್ತೊಂದು ಮೆಟ್ಟಿಲು. ಮಗುವಿನ ಹಾಗೆ ಕೂತೇ ಹತ್ತುತ್ತಿದ್ದಳು.

"ನೀವೂ ಬನ್ರಿ" ಎಂದಳು ಕೋಟೆಯಮ್ಮನಿಗೆ. "ನೋವಿರೋದು ಮಂಡಿಗೆ, ಕೂರೋ ಜಾಗಕ್ಕಲ್ಲವಲ್ಲ."

ಕೋಟೆಯಮ್ಮ ಮೆಕ್ಯಾನಿಕ್‌ನನ್ನು ಒಳಗೆ ಬಿಟ್ಟು, ಅಣ್ಣನ ಮುಖಕ್ಕೇ ಗೇಟಿನ ಬೀಗ ಜಡಿದಳು. ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೂ ಕೂತಳು. ಇಬ್ಬರು ಮುದುಕಿಯರು ಏದುಸಿರು ಬಿಡುತ್ತ, ಸುಧಾರಿಸಿಕೊಳ್ಳುತ್ತ ಮೇಲೇರಿದರು. ಹಿಂದೆ ಚೀಲ ಹೊತ್ತ ಮೆಕ್ಯಾನಿಕ್, ತಲೆ ತಗ್ಗಿಸಿಕೊಂಡು. ನಗಬೇಕೋ ಅಳಬೇಕೋ ಮಗಳಿಗೆ ತಿಳಿಯಲಿಲ್ಲ.

ನಾಲ್ಕನೇ ಮಹಡಿ ಬಂತು. ಉಳಿದ ಮೆಟ್ಟಿಲುಗಳನ್ನು ಕೋಟೆಯಮ್ಮನಿಗೂ ಮೆಕ್ಯಾನಿಕ್‌ಗೂ ಬಿಟ್ಟು, ಅಮ್ಮ ಗೋಡೆ ಹಿಡಿದು ಎದ್ದಳು. ಮೈಮೇಲಿನ ದೂಳು ಕೊಡವಿಕೊಂಡು ಮನೆಯೊಳಗೆ ಹೋದಳು.

"ಸ್ವಲ್ಪ ಹೊರಗಿರು. ಬಟ್ಟೆ ಬದಲಾಯಿಸ್ತೀನಿ."

ಒಳಗಿನಿಂದ ಚಿಲಕ ಬಿತ್ತು, ತೆರೆಯಿತು, ಮತ್ತೆ ಬಿತ್ತು. ಮಗಳು ಬಾಯಿಗೆ ಕೈ ಒತ್ತಿಕೊಂಡು ಹೊರಗೇ ನಿಂತಳು.

ಎಷ್ಟೋ ಹೊತ್ತಿನ ಮೇಲೆ ತಾರಸಿಯಲ್ಲಿ ಮೋಟಾರು ಗೊರಗುಟ್ಟಿ ಶುರುವಾಯಿತು. ಕೆಳಗಿನಿಂದ ಅಣ್ಣನ ಫೋನು.

"ಲಿಫ್ಟ್ ಓಡ್ತಿದೆಯಲ್ಲ! ರೈಲಿಗೆ ಇನ್ನೂ ಹೊತ್ತಿದೆ. ಮೇಲೆ ಬಂದು ಅಮ್ಮನ್ನ ಇಳಿಸ್ಕೊಂಡು ಹೋಗ್ಲಾ?"

ಮಗಳು ಬಾಗಿಲು ತಟ್ಟಿ ಅದನ್ನೇ ಹೇಳಿದಳು.

ಚಿಲಕ ತೆಗೆಯದೆಯೇ ಅಮ್ಮ ಒಳಗಿನಿಂದ ಕೂಗಿದಳು: "ಇಲ್ಲಿ ಗಂಡಸರನ್ನ ಬಿಡಲ್ಲವಂತೆ ಅಂತ ಹೇಳು!"